ರಿವಾಲ್ವರ್ ಬಿಡದ ಒರೆ

ಆ ಬೀದಿಯಲ್ಲಿ ಅವನಿಗಿಂತ ಹಿರಿಯರಿದ್ದರು, ಕಿರಿಯರಿದ್ದರು, ಅವನ ಹೆಂಡತಿಯ ತವರಿಗೆ ಏಳೇಳು ಜನ್ಮದಲ್ಲೂ ಸಂಬಂಧವಿಲ್ಲದವರಿದ್ದರು. ಎಲ್ಲರಿಗೂ ಅವನು ಅಳಿಯನೇ. ಬೈಕಿನ ಸೀಟು ಮಾಡುವ ಅಂಗಡಿಯ ಯಜಮಾನರ ಮಗಳನ್ನು ಮದುವೆಯಾಗಿ, ಹದಿನೆಂಟು ವರ್ಷ ಬೇರೊಂದು ಬಡಾವಣೆಯಲ್ಲಿ ಮಾನವಾಗಿ ಬಾಳಿ, ನಲವತ್ತನಾಲ್ಕರ ಪ್ರಾಯದಲ್ಲಿ ಮಾವನ ಹತ್ತಿರ ಕೆಲಸ ಕಲಿಯಲು ಬಂದು ಕೂತವನಿಗೆ ಬೀದಿಯಾದರೂ ಇನ್ನೇನು ಹೆಸರಿಟ್ಟೀತು. ಅಂಚೆಯವನು ಒಮ್ಮೆ ಲಕೋಟೆಯ ಮೇಲಿದ್ದ ಅವನ ನಿಜವಾದ ಹೆಸರನ್ನು ಓದಿ, ಅಂಥವರು ಇಲ್ಲಿ ಯಾರೂ ಇಲ್ಲವೆಂದು ಅವನಿಗೇ ಹೇಳಿ ವಾಪಸ್ಸು ಒಯ್ದಿದ್ದ.

ಅದಕ್ಕೆ ಮೊದಲು ಅವನು ಟೈಪಿಂಗ್ ಮೇಷ್ಟ್ರು. ಹನ್ನೆರಡು ಯಂತ್ರಗಳ ಒಡೆಯ, ನೂರಿಪ್ಪತ್ತು ಬೆರಳುಗಳ ದಂಡನಾಯಕ. ಕಾಲವೆಂಬ ಶತ್ರು ಬಂದು ಆ ಯಂತ್ರಗಳನ್ನು ಒಂದೊಂದಾಗಿ ಗುಜರಿಯವನ ಗಾಡಿಗೆ ಏರಿಸಿದಾಗ ದಂಡನಾಯಕನ ಕೈಯಲ್ಲಿ ಉಳಿದದ್ದು ಒಂದು ಬಿಳಿ ಬಣ್ಣದ ಪುಟ್ಟ ಶೀಶೆ. ಟೈಪಿಂಗ್ ವಿದ್ಯೆಯ ಗುಟ್ಟೆಲ್ಲ ಅದರಲ್ಲೇ ಇತ್ತು: ತಪ್ಪಾಯಿತೋ, ಬಿಳಿ ಬಳಿ, ಒಣಗಿದ ಮೇಲೆ ಸರಿಯಾದ ಅಕ್ಷರ ಹೊಡಿ, ಯಾರಪ್ಪನಿಗೂ ಗೊತ್ತಾಗುವುದಿಲ್ಲ.

ತೊಗಲಿಗೆ ಈ ಉಪಾಯ ನಾಟಲಿಲ್ಲ. ಬಟ್ಟೆಯಾದರೆ ಹೊಲಿಗೆ ಬಿಚ್ಚಿ ಇಸ್ತ್ರಿ ಎಳೆದರೆ ಸೂಜಿ ಓಡಾಡಿದ ಗುರುತೂ ಇರುವುದಿಲ್ಲ. ತೊಗಲಿನಲ್ಲಿ ಬಿದ್ದ ತೂತು ಮಾತ್ರ ಆ ತೊಗಲು ಮಣ್ಣಾಗುವವರೆಗೂ ತೂತೇ. ಈ ಸತ್ಯವನ್ನು ಅವನು ಮೊದಲ ವರ್ಷದಲ್ಲೇ ಕಲಿತ. ಇಪ್ಪತ್ತಾರು ಸಲ ಕಲಿತ.

ಅವನ ಮಾವ ಅಂದರೆ ಸಾಮಾನ್ಯರಲ್ಲ. ತೊಗಲಿನ ಮೇಲೆ ಬರಿಗೈ ಆಡಿಸಿ, ಆ ಪ್ರಾಣಿ ಬದುಕಿದ್ದಾಗ ಯಾವ ಮಗ್ಗುಲಿಗೆ ಮಲಗುತ್ತಿತ್ತು ಎಂದು ಹೇಳುವವರು. ಸೀಟು ಬೇಕೆಂದು ಬಂದ ಗಿರಾಕಿಯನ್ನು ಒದ್ದೆ ಮರಳು ತುಂಬಿದ ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಸಿ ಕೂರಿಸುತ್ತಿದ್ದರು. ಹತ್ತು ನಿಮಿಷ ಮಾತಾಡುವಂತಿಲ್ಲ, ಮಿಸುಕಾಡುವಂತಿಲ್ಲ. ಎದ್ದ ಮೇಲೆ ಮರಳಿನಲ್ಲಿ ಉಳಿದ ಎರಡು ಗುಂಡಿಗಳ ಮೇಲೆ ಬಗ್ಗಿ, ಜಾತಕ ಓದುವವರ ಗಾಂಭೀರ್ಯದಿಂದ ಹೇಳುತ್ತಿದ್ದರು. "ಎಡಗಾಲು ಅರ್ಧ ಬೆರಳು ಗಿಡ್ಡ. ಬಲಗಡೆ ಜೇಬಲ್ಲಿ ದಪ್ಪ ಪರ್ಸ್ ಇಟ್ಕೋತೀರಿ. ಹಿಂದೆ ಯಾರೋ ಕೂರ್ತಾರೆ, ಅವರು ಕೂತಾಗ ನೀವು ಮುಂದೆ ಸರಿಯೋ ಬದಲು ಹಿಂದೆ ಸರೀತೀರಿ. ಮನೆಯವರಲ್ಲ ಅಂತ ಕಾಣುತ್ತೆ." ಗಿರಾಕಿ ಕೆಂಪಗಾಗಿ ಕೇಳಿದಷ್ಟು ಮುಂಗಡ ಕೊಟ್ಟು ಹೋಗುತ್ತಿದ್ದ.

ಮಗಳನ್ನು ಕೊಟ್ಟವರು ಅಳಿಯನನ್ನು ಏಕವಚನದಲ್ಲಿ ಬೈಯುವಂತಿಲ್ಲ ಎಂಬುದು ಮಾವನ ನೇಮ. ಹಾಗಾಗಿ ಬೈಗುಳವೆಲ್ಲ ಬಹುವಚನದಲ್ಲೇ, ಸಕಲ ಮರ್ಯಾದೆಗಳೊಂದಿಗೆ ಬರುತ್ತಿತ್ತು.

"ಅಳಿಯಂದಿರು ದಯಮಾಡಿ ಆ ಕತ್ತಿಯನ್ನ ಕೆಳಗಿಡಬೇಕು. ತಾವು ಈಗ ಕೊಯ್ದು ಮುಗಿಸಿದ್ದು ಸೀಟಿನ ಮೂತಿ. ಕೊಯ್ಯಬೇಕಾಗಿದ್ದದ್ದು ಬಾಲ."

"ಸಾರಿ ಮಾವ."

"ಛೇ ಛೇ, ತಾವ್ಯಾಕೆ ಸಾರಿ ಕೇಳ್ತೀರಿ. ಎಮ್ಮೆ ಕೇಳಬೇಕು, ತಮ್ಮ ಕೈಗೆ ಸಿಕ್ಕಿದ್ದಕ್ಕೆ."

ಒಂದು ಸಲ ಅವನು ಸೀಟಿನ ಹೊಲಿಗೆಯನ್ನು ಚೆಂದ ಕಾಣಲೆಂದು ನಟ್ಟನಡುವೆ ಇಟ್ಟ. ಮೊದಲ ಮಳೆಗೆ ಒಳಗಿನ ಸ್ಪಂಜು ನೀರು ಕುಡಿಯಿತು. ಮಳೆ ನಿಂತು ಮೂರು ದಿನವಾದರೂ ಆ ಬೈಕಿನವನು ಕೂತು ಎದ್ದಲ್ಲೆಲ್ಲ ಹಿಂದಿದ್ದವರು ಮುಖ ತಿರುಗಿಸಿ ನಗುತ್ತಿದ್ದರು. ಅವನು ವಿಮೆ ಕಂಪನಿಯವನು; ಮನೆಮನೆಗೆ ಹೋಗಿ ಜನರಿಗೆ ಧೈರ್ಯ ತುಂಬಬೇಕಾದವನು. ಅಂದಿನಿಂದ ಹೊಲಿಗೆ ಪಕ್ಕಕ್ಕೆ ಸರಿಯಿತು. ಹೀಗೆ ಒಂದೊಂದು ಪಾಠಕ್ಕೂ ಯಾರೋ ಒಬ್ಬರ ಪ್ಯಾಂಟು ಆಹುತಿಯಾಗುತ್ತ ಮೂರು ವರ್ಷ ಕಳೆಯಿತು.

ನಾಲ್ಕನೆಯ ವರ್ಷ ಮಾವನ ಬಲಗೈ ಬೆರಳುಗಳು ಮರಗಟ್ಟತೊಡಗಿದವು. ದಾರ ಹಿಡಿದರೆ ಹಿಡಿದದ್ದು ತಿಳಿಯುತ್ತಿರಲಿಲ್ಲ, ಬಿಟ್ಟರೆ ಬಿಟ್ಟದ್ದು ತಿಳಿಯುತ್ತಿರಲಿಲ್ಲ. ಸುದ್ದಿ ತಿಳಿದ ವಾರವೇ ಅವರ ಮಗ, ಅಂದರೆ ಅಳಿಯನ ಭಾವಮೈದ, ಅಳತೆ ಟೇಪು ಹಿಡಿದು ಬಂದ. ಅವನದು ಬ್ಯಾಟರಿ ವ್ಯಾಪಾರ.

"ಭಾವ, ಬೇಜಾರು ಮಾಡ್ಕೋಬೇಡಿ. ಈ ಗೋಡೆಗೆ ಕಾರ್ ಬ್ಯಾಟರಿ, ಆ ಗೋಡೆಗೆ ಬೈಕ್ ಬ್ಯಾಟರಿ. ನೀವು ಕೂತಿದೀರಲ್ಲ, ಅಲ್ಲಿ ಆಸಿಡ್ ಕ್ಯಾನು."

"ಮತ್ತೆ ನಾನು?"

"ನೀವು ಎಲ್ಲಿ ಬೇಕಾದ್ರೂ ಇರಬಹುದಪ್ಪ. ನಿಮಗೇನು, ಜಾಗ ಕಮ್ಮಿ ಹಿಡೀತೀರಿ."

ಮಾವ ಇಬ್ಬರನ್ನೂ ನೋಡಿದರು. ಆಮೇಲೆ ತೀರ್ಪು ಕೊಟ್ಟರು. ಅಳಿಯಂದಿರು ಒಂದೇ ಒಂದು ವಸ್ತು, ಕೊಯ್ಯುವುದರಿಂದ ಒಣಗಿಸುವವರೆಗೆ, ತಾವೇ ಮಾಡಬೇಕು. ತಾನು ಕೈ ಹಾಕುವುದಿಲ್ಲ, ಬಾಯೂ ಹಾಕುವುದಿಲ್ಲ, ಅಂಗಡಿಗೇ ಬರುವುದಿಲ್ಲ. ಅದು ಒಪ್ಪಿಗೆಯಾದರೆ ಅಂಗಡಿ ಅಳಿಯನಿಗೆ. ಇಲ್ಲದಿದ್ದರೆ ಬ್ಯಾಟರಿಗೆ.

ಬ್ಯಾಟರಿಯವನು ಆದರೂ ಒಂದು ಗೋಡೆ ಅಳೆದುಕೊಂಡು ಹೋದ.

ಆ ಒಂದೇ ಒಂದು ವಸ್ತು ಯಾವುದೆಂದು ವಿಧಿ ಆಗಲೇ ನಿಶ್ಚಯಿಸಿ ಆಗಿತ್ತು. ಮರುದಿನ ಬೆಳಿಗ್ಗೆ ಚಿನ್ನದಂಗಡಿಯ ಕಾವಲುಗಾರ ಬಂದ. ಊರು ಅವನನ್ನು ಮೀಸೆ ಎಂದೇ ಕರೆಯುತ್ತಿತ್ತು, ಏಕೆಂದರೆ ದೂರದಿಂದ ನೋಡಿದರೆ ಮೊದಲು ಅದು ಬರುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಅವನು. ಸೊಂಟದಲ್ಲಿ ಒಂದು ಹಳೆಯ ರಿವಾಲ್ವರು, ಚಿನ್ನದಂಗಡಿಯ ಒಡೆಯರಾದ ಸಾಹುಕಾರರ ಅಜ್ಜನ ಕಾಲದ್ದು. ಅದರ ಉದ್ದ ನಳಿಗೆಗೆ ಯಾವ ರೆಡಿಮೇಡ್ ಒರೆಯೂ ಹಿಡಿಸದೆ, ಅವನು ಅದನ್ನು ಹಳೆಯ ಟಾರ್ಚಿನ ಚೀಲದಲ್ಲಿ ಸಿಕ್ಕಿಸಿಕೊಂಡಿದ್ದ. ಸಾಹುಕಾರರಿಗೆ ನಾಚಿಕೆಯಾಗಿತ್ತು. ಹೊಸ ಒರೆ ಬೇಕು, ಇವತ್ತೇ ಬೇಕು.

ಒರೆ ಹೊಲಿಯುವ ಕ್ರಮ ಹೀಗೆ: ತೊಗಲು ಕೊಯ್ದು, ಹೊಲಿದು, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕು. ಮೊದಲೇ ರಿವಾಲ್ವರಿನಂಥದೇ ಒಂದು ಮರದ ಅಚ್ಚು ಕೆತ್ತಿಟ್ಟುಕೊಂಡು, ಅದನ್ನು ಒದ್ದೆ ಒರೆಯೊಳಗೆ ಇಳಿಸಿ, ಬೆರಳಿನಿಂದ ಒತ್ತಿ ಒತ್ತಿ ಮೈಗಂಟಿಸಬೇಕು. ಆಮೇಲೆ ಎರಡು ದಿನ ನೆರಳಿನಲ್ಲಿ ಬಿಡಬೇಕು. ತೊಗಲು ತಾನಾಗಿ ಒಣಗಬೇಕೇ ಹೊರತು ಯಾರೂ ಒಣಗಿಸಬಾರದು.

"ಅಚ್ಚು ಕೆತ್ತೋಕೆ ಇದನ್ನ ನಾಲ್ಕು ದಿನ ಬಿಟ್ಟು ಹೋಗ್ತೀರಾ?" ಎಂದು ಅಳಿಯ ಕೇಳಿದ.

"ನಾಲ್ಕು ನಿಮಿಷ ಬಿಡಲ್ಲ. ರೂಲ್ಸು," ಎಂದ ಮೀಸೆ. "ಮೂರು ಗಂಟೆಗೆ ಡ್ಯೂಟಿ. ಅಷ್ಟರೊಳಗೆ ಏನು ಮಾಡ್ತೀಯೋ ಮಾಡು. ಇದನ್ನೇ ಒಳಗಿಡು."

ಅಳಿಯ ಕೊಯ್ದ. ಹೊಲಿದ. ಅರವತ್ತೆಂಟು ಹೊಲಿಗೆ, ಒಂದೂ ಸೊಟ್ಟವಿಲ್ಲ. ಮೇಣದ ದಾರ ಅಂದು ಅವನ ಮಾತು ಕೇಳಿತು. ನೆನೆಸಿ, ರಿವಾಲ್ವರನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಳಿಸಿದ. ಒತ್ತಿದ. ಗುಂಡು ತುಂಬುವ ಗಾಲಿ, ಬೆರಳಿನಿಂದ ಎಳೆಯುವ ಕುದುರೆಯ ಸುತ್ತಿನ ಬಳೆ, ನಳಿಗೆಯ ತುದಿಯ ಗುರಿಮೊಳೆ, ಎಲ್ಲ ತೊಗಲಿನ ಮೇಲೆ ಮೂಡಿ ಬಂದವು. ತನ್ನ ಕೈಯಿಂದಲೇ ಇಂಥದ್ದು ಆಯಿತೆಂದು ಅವನಿಗೆ ನಂಬಿಕೆಯಾಗದೆ ಎರಡು ಸಲ ಕನ್ನಡಕ ಒರೆಸಿಕೊಂಡ.

ಗಂಟೆ ಒಂದಾಯಿತು. ಒರೆ ಒದ್ದೆಯಾಗಿಯೇ ಇತ್ತು.

"ಬಿಸಿಲಿಗಿಟ್ರೆ?" ಎಂದ ಮೀಸೆ.

"ಇಡಬಾರದು."

"ಯಾಕೆ?"

ಅಳಿಯನಿಗೆ ಇಡಬಾರದೆಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಮಾವ ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಕಾರಣ ಗೊತ್ತಿಲ್ಲದ ನಿಯಮಕ್ಕೆ ಆಯುಸ್ಸು ಕಮ್ಮಿ. ಒಂದೂಕಾಲಿಗೆ ಒರೆ ಅಂಗಡಿಯ ಮುಂದಿನ ತಗಡಿನ ಮೇಲಿತ್ತು, ರಿವಾಲ್ವರ್ ಸಮೇತ.

ಎರಡೂವರೆಗೆ ಇಳಿಸಿದಾಗ ಯಾಕೆಂದು ತಿಳಿಯಿತು. ತೊಗಲು ಕುಗ್ಗಿ, ಕಪ್ಪುಗೆಂಪಾಗಿ, ಕಲ್ಲಿನಂತಾಗಿತ್ತು. ಬೆರಳಿನಿಂದ ತಟ್ಟಿದರೆ ಟಕಟಕ ಎಂದಿತು. ಅಳಿಯ ಹಿಡಿ ಹಿಡಿದು ಎಳೆದ. ಬರಲಿಲ್ಲ. ಮೀಸೆ ಒರೆಯನ್ನು ತೊಡೆಯ ನಡುವೆ ಅವುಚಿಕೊಂಡ, ಅಳಿಯ ಗೋಡೆಗೆ ಕಾಲು ಕೊಟ್ಟು ಎಳೆದ. ಮಹಾಯುದ್ಧಗಳಲ್ಲಿ ವೀರರು ಒರೆಯಿಂದ ಖಡ್ಗ ಹಿರಿದ ಕಥೆಗಳನ್ನು ಅವನು ಎಷ್ಟೋ ಕೇಳಿದ್ದ. ಹಿರಿಯಲು ಹೋಗಿ ವೀರನೇ ಮಗುಚಿ ಬಿದ್ದ ಕಥೆಯನ್ನು ಯಾರೂ ಹೇಳಿರಲಿಲ್ಲ.

"ಗುಂಡು ತೆಗ್ದಿದೀರಿ ತಾನೇ?" ಎಂದ ಅಳಿಯ ನೆಲದಿಂದಲೇ.

"ಹಾಕಿದ್ರೆ ತಾನೇ ತೆಗೆಯೋದು," ಎಂದ ಮೀಸೆ. ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದ. "ಇದು ಹಾರಿ ಹದಿನೇಳು ವರ್ಷ ಆಯ್ತು. ಕುದುರೆ ತುಕ್ಕು ಹಿಡಿದು ಕೂತಿದೆ. ಸಾಹುಕಾರರಿಗೆ ಗೊತ್ತಿಲ್ಲ."

"ಸರಿ, ಇಲ್ಲಿ ಕೊಡಿ. ಹೊಲಿಗೆ ಕೊಯ್ದು ತೆಗೀತೀನಿ. ಬೇರೆ ಮಾಡಿಕೊಡ್ತೀನಿ."

ಮೀಸೆ ಒರೆಯನ್ನು ಎದೆಗೆ ಅವುಚಿಕೊಂಡ. ಅವನ ಮುಖದಲ್ಲಿ ಹದಿನೇಳು ವರ್ಷದಲ್ಲಿ ಕಾಣದಿದ್ದ ಒಂದು ನೆಮ್ಮದಿ ಮೂಡುತ್ತಿತ್ತು. "ಬೇಡ. ಇನ್ನು ಯಾರೂ ನನಗೆ ತೆಗಿ ಅನ್ನೋ ಹಾಗಿಲ್ಲ. ತೆಗೆದ್ರೆ ತಾನೇ ತುಕ್ಕು ಕಾಣೋದು. ಹೀಗೇ ಇರಲಿ."

"ಇರೋ ಹಾಗಿಲ್ಲ, ನಮ್ಮ ಮಾವ ನೋಡ್ತಾರೆ. ಕೊಡಿ," ಎಂದು ಅಳಿಯ ಕತ್ತಿ ಎತ್ತಿಕೊಂಡ.

"ಹತ್ತಿರ ಬಂದ್ರೆ ಶೂಟ್ ಮಾಡ್ತೀನಿ."

"ಹೇಗೆ?"

ಮೀಸೆ ಎದೆಗವುಚಿದ ಒರೆಯನ್ನು ಒಮ್ಮೆ ನೋಡಿದ. ಆಮೇಲೆ ಎದ್ದು ಓಡಿದ.

ಅಳಿಯನ ಮೂರು ವರ್ಷದ ತಪಸ್ಸು ಮೀಸೆಯ ಸೊಂಟದಲ್ಲಿ ಕುಳಿತು ಊರು ಸುತ್ತತೊಡಗಿತು. ಮೂರನೆಯ ದಿನ ಮಾವ ತಾವೇ ಚಿನ್ನದಂಗಡಿಗೆ ನಡೆದು ಹೋದರು. ಹಿಂದೆ ಅಳಿಯ, ವಧಾಸ್ಥಾನಕ್ಕೆ ಹೋಗುವವನ ನಡಿಗೆಯಲ್ಲಿ.

"ಎಲ್ಲಿ, ತೆಗಿ ನೋಡೋಣ," ಎಂದರು ಮಾವ.

"ಅಪಾಯ ಬಂದಾಗ ಮಾತ್ರ ತೆಗೆಯೋದು. ರೂಲ್ಸು," ಎಂದ ಮೀಸೆ ಕಂಬದಂತೆ ನಿಂತು.

ನಿಯಮ ಪಾಲಿಸುವವರನ್ನು ಕಂಡರೆ ಮಾವನಿಗೆ ಗೌರವ. ಮರಗಟ್ಟಿದ ಬೆರಳುಗಳನ್ನು ಒರೆಯ ಮೇಲೆ ಆಡಿಸಿದರು. ಆ ಬೆರಳುಗಳಿಗೆ ಒದ್ದೆ ಯಾವುದು, ಒಣಗಿದ್ದು ಯಾವುದು, ಸುಟ್ಟದ್ದು ಯಾವುದು ಈಗ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಕಂಡದ್ದು ಹೊಲಿಗೆ ಮತ್ತು ಆಕಾರ. "ಪರವಾಗಿಲ್ಲ," ಎಂದರು. ಐವತ್ತು ವರ್ಷದಲ್ಲಿ ಅವರು ಆ ಮಾತನ್ನು ಎರಡೇ ಸಲ ಆಡಿದ್ದರು. ಒಮ್ಮೆ ತಮ್ಮ ಹೆಂಡತಿಯನ್ನು ನೋಡಿ. ಅಂದು ಸಂಜೆಯೇ ಬ್ಯಾಟರಿಯವನಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿ ಕಳಿಸಿದರು.

ಮನೆಯಲ್ಲಿ ಹೆಂಡತಿ ಕೇಳಿದಳು. "ಅಂಗಡಿ ಸಿಕ್ತಲ್ಲ, ಯಾಕೆ ಇಂಗು ತಿಂದ ಮಂಗನ ಹಾಗೆ ಕೂತಿದೀರ?"

ಅವನು ಹೇಳಿದ. ಅವಳು ನಗುತ್ತ ನಗುತ್ತ ನೆಲಕ್ಕೆ ಕೂತಳು. ಕಣ್ಣೊರೆಸಿಕೊಂಡು, "ಅಪ್ಪನಿಗೆ ಹೇಳಿಬಿಡಿ," ಎಂದಳು.

"ನೀನೇ ಹೇಳು. ನೀನು ಮಗಳು."

"ನಾನ್ಯಾಕೆ ಹೇಳ್ಲಿ, ತಗಡಿನ ಮೇಲೆ ನಾನಿಟ್ನಾ?"

ಅವನು ಹೇಳಲು ಹೊರಟ. ಒಂಬತ್ತು ಸಲ ಹೊರಟ. ಪ್ರತಿ ಸಲವೂ "ಮಾವ" ಎನ್ನುವವರೆಗೆ ದಾರಿ ಸುಗಮವಾಗಿತ್ತು. ಮಾವ ತಲೆ ಎತ್ತಿ "ಏನು" ಎಂದ ಕೂಡಲೇ, ಮೇಣ ಮುಗಿದಿದೆ ಎಂದೋ ದಾರ ತರಬೇಕು ಎಂದೋ ಬಾಯಿ ತಾನಾಗಿ ಹೇಳಿಬಿಡುತ್ತಿತ್ತು. ಅಂಗಡಿಯಲ್ಲಿ ಒಂದು ವರ್ಷಕ್ಕಾಗುವಷ್ಟು ಮೇಣ ಸೇರಿತು. ಚಿನ್ನದಂಗಡಿಯ ಮುಂದೆ ಹಾಯುವಾಗ ಮಾತ್ರ ಅವನು ಊರಿನ ಕಳ್ಳರ ಕ್ಷೇಮಕ್ಕಾಗಿ ಹಾರೈಸುತ್ತಿದ್ದ: ಎಲ್ಲರೂ ಚೆನ್ನಾಗಿರಲಿ, ಯಾರಿಗೂ ಬಡತನ ಬಾರದಿರಲಿ.

ಕಳ್ಳರು ಬರಲಿಲ್ಲ, ಸಾಹುಕಾರರು ಬಂದರು. ಮೀಸೆಯ ಒರೆ ಅವರಿಗೆ ಬಹಳ ಹಿಡಿಸಿತ್ತು. ತಮ್ಮ ಇನ್ನೂ ನಾಲ್ಕು ಅಂಗಡಿಗಳ ಕಾವಲುಗಾರರಿಗೆ ಅಂಥದೇ ನಾಲ್ಕು ಬೇಕೆಂದರು. ಅವರದೆಲ್ಲ ಹೊಸ ಪಿಸ್ತೂಲು, ಹಾರುವಂಥವು. ಈ ಸಲ ಅಳಿಯ ಹಟ ಹಿಡಿದು ನಾಲ್ಕಕ್ಕೂ ಮರದ ಅಚ್ಚು ಕೆತ್ತಿದ. ಒಳಗೆ ದಾರದೆಳೆಯಷ್ಟು ಸಡಿಲ ಬಿಟ್ಟು ಹೊಲಿದ. ನೆರಳಿನಲ್ಲಿಟ್ಟು, ಬೆಕ್ಕು ಹಾಲು ಕಾಯುವಂತೆ ಎರಡು ದಿನ ಕಾದ. ನಾಲ್ಕೂ ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಹಿಡಿ ಹಿಡಿದರೆ ಪಿಸ್ತೂಲು ಮಾತಿಲ್ಲದೆ ಬರುತ್ತಿತ್ತು, ಬಿಟ್ಟರೆ ಮಾತಿಲ್ಲದೆ ಕೂರುತ್ತಿತ್ತು.

ಒಂದು ವಾರಕ್ಕೆ ಸಾಹುಕಾರರ ಕಾರು ಮತ್ತೆ ಬಂದು ನಿಂತಿತು. ನಾಲ್ಕು ಒರೆಗಳನ್ನು ಹಲಗೆಯ ಮೇಲೆ ಸುರಿದರು. ಜೊತೆಗೆ ಮೀಸೆಯೂ ಇದ್ದ, ಮುಖ ಸುಣ್ಣವಾಗಿತ್ತು.

"ಏನು ಯಜಮಾನ್ರೆ, ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ್ನಂತೆ. ಮೊದಲನೇದು ಎಷ್ಟು ಚೆನ್ನಾಗಿತ್ತು. ಇವು ಲೊಡ್ಡು. ಎಳೆದ್ರೆ ಬಂದೇಬಿಡುತ್ತೆ."

"ಎಳೆದ್ರೆ ಬರಬೇಕಲ್ಲ ಸಾಹುಕಾರ್ರೆ," ಎಂದರು ಮಾವ.

"ಇವನದ್ದು ಬರಲ್ವಲ್ಲ. ನಾನೇ ನಿನ್ನೆ ಎಳೆದು ನೋಡ್ದೆ. ಉಡದ ಪಟ್ಟು."

ಮಾವ ಎದ್ದು ಮೀಸೆಯ ಹತ್ತಿರ ಹೋದರು. ಹೇಳಲು ಮೀಸೆಯ ಬಳಿ ಯಾವ ರೂಲ್ಸೂ ಉಳಿದಿರಲಿಲ್ಲ. ಮಾವ ಎಡಗೈಯಿಂದ ಹಿಡಿ ಹಿಡಿದು ಎಳೆದರು. ಒರೆ ಬಂತು, ಬೆಲ್ಟು ಬಂತು, ಮೀಸೆಯೂ ಎರಡು ಹೆಜ್ಜೆ ಬಂದ. ರಿವಾಲ್ವರ್ ಮಾತ್ರ ಬರಲಿಲ್ಲ. ಮಾವ ಬಗ್ಗಿ ಒರೆಯನ್ನು ಮೂಸಿದರು. ಮೂಗು ಇನ್ನೂ ಮರಗಟ್ಟಿರಲಿಲ್ಲ.

"ಬಿಸಿಲಿಗಿಟ್ಟೆಯೇನೋ?" ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಏಕವಚನ. "ಇಟ್ಟೆ ಮಾವ. ತಗಡಿನ ಮೇಲೆ. ಹೇಳಬೇಕು ಅಂತಲೇ..."

"ಅದಕ್ಕೇ ಅಷ್ಟೊಂದು ಮೇಣ."

ಸಾಹುಕಾರರಿಗೆ ಈ ಶೋಕವೆಲ್ಲ ಅರ್ಥವಾಗಲಿಲ್ಲ. "ಬಿಸಿಲಿಗಿಟ್ರೋ ಬೆಂಕಿಗಿಟ್ರೋ, ನನಗೆ ಹೀಗೇ ಬೇಕು. ಕಳ್ಳ ಬಂದವನು ಮೊದಲು ಕೈ ಹಾಕೋದೇ ಕಾವಲುಗಾರನ ಸೊಂಟಕ್ಕೆ. ಎಳೆದ ತಕ್ಷಣ ಬಂತು ಅಂದ್ರೆ ನನ್ನ ಪಿಸ್ತೂಲಿಂದ ನನಗೇ ಹೊಡೀತಾನೆ."

"ನಿಮ್ಮವನಿಗೇ ಬೇಕಾದಾಗ?"

"ನಮ್ಮವನು ತೆಗೆದು ಯಾರಿಗೆ ಹೊಡೀತಾನೆ, ಗಿರಾಕಿಗೆ ತಾನೇ? ಇವರ ಗುರಿ ನಾನು ನೋಡಿದೀನಿ. ಶನಿವಾರದೊಳಗೆ ನಾಲ್ಕೂ ಬಿಗಿ ಮಾಡಿ ಕೊಡಿ. ಆಗಲ್ಲ ಅಂದ್ರೆ ರೆಕ್ಸಿನ್‌ನಲ್ಲಿ ಹೊಲಿಯೋನ ಹತ್ತಿರ ಹೋಗ್ತೀನಿ. ಬೇರೆ ಚಿನ್ನದಂಗಡಿಯವರೂ ನನ್ನ ಹಿಂದೇನೇ ಬರ್ತಾರೆ."

ಕಾರು ಹೋಯಿತು. ಮೀಸೆ ಬದುಕಿದೆಯಾ ಬಡಜೀವವೇ ಎಂದು ಅದರ ಹಿಂದೆಯೇ ಓಡಿದ. ಈಚೀಚೆಗೆ ಸೀಟಿನ ಕೆಲಸ ಕಡಿಮೆಯಾಗಿತ್ತು. ಒರೆಗಳೂ ಹೋದರೆ ಅಂಗಡಿಯಲ್ಲಿ ಉಳಿಯುವುದು ಮರಳಿನ ತಟ್ಟೆ ಮಾತ್ರ ಎಂದು ಇಬ್ಬರಿಗೂ ಗೊತ್ತಿತ್ತು. ಮಾವ ಬೈಯಲಿಲ್ಲ. ತಮಗೇ ಕೇಳಿಸದಷ್ಟು ಮೆಲ್ಲಗೆ ಕೇಳಿದರು.

"ಹೇಗೆ ಕೆಡಿಸ್ದೆ, ಹೇಳು. ನನಗೆ ಬರಲ್ಲ ಇದು."

ಹೀಗೆ ಗುರು ಶಿಷ್ಯನಾಗಿ, ಶಿಷ್ಯ ಗುರುವಾಗಿ, ವಿದ್ಯೆ ತಲೆಕೆಳಗಾಗಿ, ಪಾಠ ಶುರುವಾಯಿತು. ಅಳಿಯ ತೊಗಲು ನೆನೆಸಿ, ಹೊಲಿದು, ಅಚ್ಚು ಇಳಿಸಿ, ತಗಡಿನ ಮೇಲಿಟ್ಟ. ಒಂದೂಕಾಲಿನಿಂದ ಎರಡೂವರೆಗೆ, ಗಡಿಯಾರ ನೋಡಿಕೊಂಡು. ಇಳಿಸಿ ಎಳೆದ. ಅಚ್ಚು ಸರಕ್ಕನೆ ಬಂತು. ಬಿಚ್ಚಿ ನೋಡಿದರೆ ಒಳಗೆ ದಾರದೆಳೆಯಷ್ಟು ಸಡಿಲ. ಅವನು ಬಿಟ್ಟಿರಲಿಲ್ಲ, ಕೈ ಬಿಟ್ಟಿತ್ತು. ಮರುದಿನ ಕೈಗೆ ಬುದ್ಧಿ ಹೇಳಿ, ಬೇಕೆಂದೇ ಕಿರಿದಾಗಿ ಕೊಯ್ದ. ಅಚ್ಚು ಒಳಗೇ ಹೋಗಲಿಲ್ಲ. ಒಳಗೆ ಹೋಗದಿದ್ದರೆ ಹೊರಗೆ ಬರದೆ ಉಳಿಯುವುದಾದರೂ ಹೇಗೆ. ಮಾವನ ಸಲಹೆಯಂತೆ ಚಹಾದವನ ಒಲೆಯ ಪಕ್ಕ ಒಂದನ್ನು ಇಟ್ಟರು. ಅದು ಬಿರುಕು ಬಿಟ್ಟು, ಅಚ್ಚು ತಾನಾಗಿಯೇ ಕೆಳಗೆ ಬಿತ್ತು.

"ಅವತ್ತು ಏನು ಮಾಡಿದ್ದೆ, ನೆನಪು ಮಾಡ್ಕೊ," ಎಂದರು ಮಾವ, ಕಾಯಿಲೆಯವನನ್ನು ಕೇಳುವ ವೈದ್ಯರಂತೆ.

"ಏನೂ ಮಾಡಿರ್ಲಿಲ್ಲ ಮಾವ. ಒಳ್ಳೇದು ಮಾಡೋಣ ಅಂತಿದ್ದೆ."

ಶನಿವಾರ ಮಧ್ಯಾಹ್ನ ಬ್ಯಾಟರಿಯವನು ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಟೇಪನ್ನು ಈ ಸಲ ಜೇಬಿನಿಂದ ಹೊರಗೇ ಇಟ್ಟುಕೊಂಡಿದ್ದ. ಹಲಗೆಯ ಮೇಲೆ ಒರೆಗಳ ರಾಶಿ, ಅದರ ಹಿಂದೆ ಬೆವರಿದ ಇಬ್ಬರು ಗಂಡಸರು.

"ಅಪ್ಪ, ಆರ್ಡರ್ ಹೋಯ್ತಂತೆ. ಮೊದಲನೇದೂ ಕೆಟ್ಟಿತ್ತಂತೆ. ಹಾಗಾದ್ರೆ ಅಂಗಡಿ ವಿಷಯ?"

ಮಾವ ಅಳಿಯನ ಕೈಯಿಂದ ಕೊನೆಯ ಒರೆಯನ್ನು ತೆಗೆದುಕೊಂಡು, ಅಚ್ಚನ್ನು ಎಳೆದು ಮಗನ ಮುಂದೆ ಇಟ್ಟರು. "ಮೊದಲನೇದು ಕೆಟ್ಟಿತ್ತು, ಹೌದು. ಈಗ ಮೂರು ದಿನದಿಂದ ಕೆಡಿಸು ಅಂತ ನಾನೇ ಕಾಲು ಹಿಡ್ಕೊಂಡಿದೀನಿ. ಇವನ ಕೈಯಲ್ಲಿ ಆಗ್ತಿಲ್ಲ. ನನ್ನ ಕೈಯಲ್ಲೂ ಆಗ್ತಿರ್ಲಿಲ್ಲ. ಅಂಗಡಿ ಇವನದ್ದು."

"ಗಿರಾಕಿನೇ ಇಲ್ಲದ ಅಂಗಡಿ ಇಟ್ಕೊಂಡು ಭಾವ ಏನು ಮಾಡ್ತಾರೆ?"

"ಅದು ನನಗೇನು ಗೊತ್ತು. ನಾನು ಬಿಟ್ಟುಕೊಟ್ಟಾಯ್ತಲ್ಲ."

ಬ್ಯಾಟರಿಯವನಿಗೆ ಇದರ ತಲೆಬುಡ ತಿಳಿಯಲಿಲ್ಲ. ಅಭ್ಯಾಸಬಲದಿಂದ ಬಾಗಿಲಿನ ಅಗಲ ಅಳೆದು ಹೊರಟುಹೋದ. ಅಳಿಯ ಸುತ್ತ ನೋಡಿದ. ಇಷ್ಟು ದಿನ ಬೇಡಿದ ಸಾಮ್ರಾಜ್ಯ: ಎರಡು ಗೋಡೆ, ಒಂದು ಹಲಗೆ, ಒಂದು ವರ್ಷಕ್ಕಾಗುವಷ್ಟು ಮೇಣ. ಪಟ್ಟಾಭಿಷೇಕವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಬೀದಿಯ ತುದಿಯಲ್ಲಿ ಸಾಹುಕಾರರ ಕಾರಿನ ಹಾರ್ನು ಕೇಳಿಸಿತು.

"ನೀವೇ ಮಾತಾಡಿ ಮಾವ."

"ಅಂಗಡಿ ನಿಂದು. ನೀನೇ ಹೋಗಿ ಹೇಳು."

"ಏನಂತ ಹೇಳ್ಲಿ?"

ಮಾವ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತ ಗೋಡೆ ನೋಡುತ್ತಿದ್ದರು. ಅಳಿಯ, ಸಾಹುಕಾರರು ಸುರಿದು ಹೋಗಿದ್ದ ಅದೇ ನಾಲ್ಕು ಒರೆಗಳನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದ. ಕಾರು ನಿಂತಿತು. ಗಾಜು ಕೆಳಗಿಳಿಯಿತು. ಒಳಗಿನಿಂದ ಸಾಹುಕಾರರ ಕೈ ಚಾಚಿ ಬಂದು, ಮೇಲಿದ್ದ ಒರೆಯ ಬಾಯಲ್ಲಿ ಬೆರಳಿಟ್ಟು, ಸಡಿಲವೆಷ್ಟೆಂದು ನೋಡತೊಡಗಿತು.